ನೋಡದ ವಿಚಾರಣೆಗೆ ಹಾಕಿದ ಸಹಿ

ಕಾನೂನು ವಿದ್ಯಾರ್ಥಿಯೊಬ್ಬ ತಾನು ನೋಡದ ವಿಚಾರಣೆಯನ್ನು ನೋಡಿದೆನೆಂದು ಡೈರಿಯಲ್ಲಿ ಬರೆಯುತ್ತಾನೆ. ವಕೀಲರೊಬ್ಬರು ಅದಕ್ಕೆ ಸಹಿ ಹಾಕುತ್ತಾರೆ. ಕಾಲೇಜಿನ ಉಪನ್ಯಾಸಕರು ಮೇಲುಸಹಿ ಹಾಕುತ್ತಾರೆ, ಅಂಕ ಬೀಳುತ್ತವೆ. ಕಟಕಟೆಯಲ್ಲಿ ನಿಂತವನು ಇದೇ ಕೆಲಸ ಮಾಡಿದರೆ ಸುಳ್ಳು ಸಾಕ್ಷಿ ಎಂದು ಶಿಕ್ಷೆಯಾಗುತ್ತದೆ. ಕಾನೂನು ಕಲಿಸುವ ಜಾಗದಲ್ಲಿ ಅದು ವರ್ಷ ವರ್ಷವೂ ನಡೆಯುತ್ತದೆ, ಯಾರಿಗೂ ನಾಚಿಕೆ ಎನಿಸುವುದಿಲ್ಲ. ವಿಜಯಪುರದಲ್ಲಿ ಇದನ್ನು ಎಲ್ಲರೂ ಬಲ್ಲರು. ಬಲ್ಲವರೆಲ್ಲ ಸುಮ್ಮನಿರುವುದರಿಂದಲೇ ಈ ಲೇಖನ ಬರೆಯಬೇಕಾಯಿತು.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಗೊಂದಲವೇನೂ ಇಲ್ಲ. ಮೂರು ವರ್ಷದ ಎಲ್‌ಎಲ್‌ಬಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಆಗಬೇಕು. ಯಾವುದೇ ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಕೊನೆಯ ವರ್ಷ ಗಡಿಬಿಡಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಮುಗಿಸಿ ಕೈತೊಳೆದುಕೊಳ್ಳಲು ಅಲ್ಲಿ ದಾರಿಯಿಲ್ಲ. ವಿಚಾರಣಾ ನ್ಯಾಯಾಲಯದ ವಕೀಲರ ಬಳಿಯೂ ಮೇಲ್ಮನವಿ ನಡೆಸುವ ವಕೀಲರ ಬಳಿಯೂ ಒಮ್ಮೆಯಾದರೂ ಇದ್ದು ಬರಬೇಕು. ಡೈರಿ ಇಡಬೇಕು, ಅದನ್ನು ಪ್ರತಿ ಸಲವೂ ಮಾರ್ಗದರ್ಶಿಯೂ ಕಾಲೇಜಿನ ಮುಖ್ಯ ಅಧ್ಯಾಪಕ ವರ್ಗದವರೊಬ್ಬರೂ ಪರಿಶೀಲಿಸಬೇಕು. ಇದಕ್ಕೆಂದೇ ಇರುವ ಪತ್ರಿಕೆಯಲ್ಲಿ ಅಣಕು ನ್ಯಾಯಾಲಯಕ್ಕೆ 30 ಅಂಕ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕೂತು ನೋಡಿ ಹಂತ ಹಂತವಾಗಿ ದಾಖಲಿಸುವುದಕ್ಕೆ 30. ಕಕ್ಷಿದಾರರ ಜೊತೆ ವಕೀಲರು ಮಾತಾಡುವುದನ್ನು, ಕಾಗದಪತ್ರ ಸಿದ್ಧಪಡಿಸುವುದನ್ನು ನೋಡಿ ಬರೆಯುವುದಕ್ಕೆ 30. ಮೌಖಿಕ ಪರೀಕ್ಷೆಗೆ 10. ಇಡೀ ಕೋರ್ಸಿನಲ್ಲಿ ಪುಸ್ತಕ ಬದಿಗಿಟ್ಟು ಮನುಷ್ಯರ ಮುಖ ನೋಡಿ ಕಲಿಯಬೇಕಾದ ಪತ್ರಿಕೆ ಇದು. ಹೆಚ್ಚಿನ ವಂಚನೆ ನಡೆಯುವುದೂ ಇದರಲ್ಲೇ.

ಈ ಡೈರಿಗಳನ್ನು ಮೌಖಿಕ ಪರೀಕ್ಷೆಯ ಮೇಜಿನ ಮೇಲೆ ಸಾಲಾಗಿ ಬಿಚ್ಚಿಟ್ಟು ಓದಿದವರಿಗೆ ಹೊಟ್ಟೆ ಉರಿಯುತ್ತದೆ. ಹೊಸ ರಟ್ಟು, ಕೆಂಪು ಶಾಯಿಯ ಅಂಚು, ದುಂಡನೆಯ ಅಕ್ಷರ. ಒಂದರಲ್ಲಿ ಮೇ ತಿಂಗಳ ನಡುವಿನ ದಿನಾಂಕ, ಕೆಳಗೆ ‘ಇಂದು ವಾದಿಯ ಪಾಟೀಸವಾಲು ನೋಡಿದೆನು’ ಎಂಬ ಸಾಲು. ಮೇ ನಡುವಿನಲ್ಲಿ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ. ಇನ್ನೊಂದರಲ್ಲಿ ಭಾನುವಾರ ಆರೋಪಿಯ ಹೇಳಿಕೆ ದಾಖಲಾಗಿದೆ. ಮತ್ತೆರಡು ಬೇರೆ ಬೇರೆ ಹುಡುಗರವು. ಆದರೆ ಪ್ರಕರಣ ಒಂದೇ, ಸಾಕ್ಷಿ ಒಬ್ಬನೇ, ಕಾಗುಣಿತ ತಪ್ಪಿರುವ ಜಾಗವೂ ಒಂದೇ. ಸಾಕ್ಷಿ ನಿಂತದ್ದು ನ್ಯಾಯಾಧೀಶರ ಯಾವ ಬದಿಗೆ, ಅವನ ಮಾತನ್ನು ಟೈಪ್ ಮಾಡಿದವರು ಎಲ್ಲಿ ಕೂತಿದ್ದರು ಎಂದು ಕೇಳಿದರೆ ಹುಡುಗ ನೆಲ ನೋಡುತ್ತಾನೆ. ಒತ್ತಾಯಿಸಿದರೆ ಸತ್ಯ ಹೊರಗೆ ಬರುತ್ತದೆ: ‘ಹ್ವಾದ ವರ್ಷದ್ದ ಡೈರಿ ನೋಡಿ ಬರೀರಿ ಅಂತ ಹೇಳಿದ್ರಿ ಸರ್.’ ಹೇಳಿದವರು ಯಾರು? ಅವನಿಗಿಂತ ನಾಲ್ಕೈದು ವರ್ಷ ಹಿರಿಯ, ಈಗ ಅದೇ ಕಾಲೇಜಿನ ಅರೆಕಾಲಿಕ ಉಪನ್ಯಾಸಕ. ಅವರೂ ತಮ್ಮ ಕಾಲದಲ್ಲಿ ಹಾಗೆಯೇ ಬರೆದವರು.

ನನ್ನ ಸಿಟ್ಟು ಮುಖ್ಯವಾಗಿ ಈ ಸರಪಳಿಯ ಮೇಲೆ. ಹುಡುಗರು ಸುಲಭದ ದಾರಿ ಹುಡುಕುವುದು ಎಲ್ಲ ಕಾಲದಲ್ಲೂ ಇದ್ದದ್ದೇ, ಅದನ್ನು ತಡೆಯಬೇಕಾದವರು ಅಧ್ಯಾಪಕರು. ನಿನ್ನೆಯ ಇಂಟರ್ನ್ ಇಂದು ಪಾಠ ಹೇಳಲು ನಿಲ್ಲುವುದು ಒಳ್ಳೆಯ ಸಂಗತಿ. ವಿದ್ಯಾರ್ಥಿಯ ಅಳುಕು, ಅವನಿಗೆ ಎಲ್ಲಿ ಕಾಲು ತೊಡರುತ್ತದೆ ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ. ಆದರೆ ಇಂಟರ್ನ್‌ಶಿಪ್ಪನ್ನೇ ಮಾಡದೆ ಮುಗಿಸಿದವರು ಉಪನ್ಯಾಸಕರಾದರೆ ಅವರ ಕೈಯಲ್ಲಿ ಕೊಡುವುದಕ್ಕೆ ಏನಿದೆ? ತಾವು ಇಳಿಯದ ಬಾವಿಯ ಆಳವನ್ನು ಅವರು ಬೇರೆಯವರಿಗೆ ಹೇಳಬೇಕು. ಆಗ ಉಳಿಯುವುದು ನೋಟ್ಸ್ ಬರೆಸುವ ಕೆಲಸ ಒಂದೇ.

ತಮ್ಮಾ, ತಂಗೀ, ನಿಮಗೇ ಹೇಳುತ್ತಿದ್ದೇನೆ. ಕಪ್ಪು ಕೋಟು ಹಾಕಿ ಬೆಳಿಗ್ಗೆ ಕಾಲೇಜಿಗೆ ಬಂದು ಎರಡು ಪಿರಿಯಡ್ ತೆಗೆದುಕೊಂಡು ಹೋಗುವ ನಿಮಗೆ ನಿಯಮವೇ ಒಂದು ಸೌಲಭ್ಯ ಕೊಟ್ಟಿದೆ. ವಕೀಲಿ ಮಾಡುವವರು ಬೇರೆ ನೌಕರಿ ಹಿಡಿಯುವಂತಿಲ್ಲ ಎಂಬುದು ವೃತ್ತಿಯ ಕಟ್ಟುನಿಟ್ಟು. ಅದರಲ್ಲಿ ಕಾನೂನು ಪಾಠ ಹೇಳುವವರಿಗೆ ವಿನಾಯಿತಿ ಇದೆ. 1979ರ ನಿಯಮಗಳ ಪ್ರಕಾರ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆಯಲ್ಲಿ ದಿನಕ್ಕೆ ಮೂರು ತಾಸು ಮೀರದಂತೆ ವಕೀಲರು ಪಾಠ ಹೇಳಬಹುದು, ಅದನ್ನು ಅರೆಕಾಲಿಕ ಕೆಲಸವೆಂದೇ ಎಣಿಸಲಾಗುತ್ತದೆ. ಮೂರೇ ತಾಸು ಏಕೆ? ದಿನದ ಉಳಿದ ಭಾಗ ಕೋರ್ಟಿನಲ್ಲಿ ಕಳೆಯಲಿ, ಮರುದಿನ ಆ ಅನುಭವ ತರಗತಿಗೆ ಬರಲಿ ಎಂಬ ಅರ್ಥವನ್ನು ಬಿಟ್ಟು ನನಗೆ ಅದರಲ್ಲಿ ಬೇರೆ ಅರ್ಥ ಕಾಣುವುದಿಲ್ಲ. ನಿಮ್ಮಲ್ಲಿ ಎಷ್ಟು ಮಂದಿ ಆ ಉಳಿದ ಭಾಗವನ್ನು ಕೋರ್ಟಿನಲ್ಲಿ ಕಳೆಯುತ್ತೀರಿ? ವಕಾಲತ್ತಿನ ಮೇಲೆ ಹೆಸರು ಇರುತ್ತದೆ, ಮುದ್ದತು ಕೇಳಲು ಹೋಗುತ್ತೀರಿ. ಕಾಲೇಜಿನಲ್ಲಿ ‘ಪ್ರ್ಯಾಕ್ಟೀಸ್ ಇದೆ’ ಎನ್ನುತ್ತೀರಿ, ಬಾರ್ ರೂಮಿನಲ್ಲಿ ‘ಕಾಲೇಜು ಇದೆ’ ಎನ್ನುತ್ತೀರಿ. ಎರಡು ಕಡೆಯೂ ಪೂರ್ತಿ ಇಲ್ಲದಿರುವುದು ನಿಮಗೆ ಅಭ್ಯಾಸವಾಗಿಬಿಟ್ಟಿದೆ.

2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. ನ್ಯಾಯ ಸಂಹಿತೆಯಲ್ಲಿ 358 ಕಲಂ, ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531, ಸಾಕ್ಷ್ಯ ಅಧಿನಿಯಮದಲ್ಲಿ 170. ನೂರೈವತ್ತು ವರ್ಷ ದಾಟಿದ ಬಳಕೆ ಬದಲಾದ ಇಂಥ ಹೊತ್ತು ಕಾನೂನು ಅಧ್ಯಾಪಕರಿಗೆ ಜೀವಮಾನದಲ್ಲಿ ಒಮ್ಮೆ ಬರುತ್ತದೆ. ಎಷ್ಟೋ ತರಗತಿಗಳಲ್ಲಿ ಆದದ್ದೇನು? ಹಳೆಯ ನೋಟ್ಸಿನ ಅಂಚಿನಲ್ಲಿ ಅಂಕಿ ತಿದ್ದಿದ್ದಾಯಿತು: 302 ಈಗ 103, 420 ಈಗ 318. ಕೋಷ್ಟಕವೊಂದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಪಾಠ ಮುಗಿಯಿತು ಎಂದರು. ಅಪರಾಧ ಆ ದಿನಾಂಕಕ್ಕೆ ಮೊದಲು ನಡೆದಿದ್ದರೆ ಅದಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ, ಹೀಗಾಗಿ ಒಂದೇ ಕೋರ್ಟ್ ಹಾಲಿನಲ್ಲಿ ಒಂದೇ ದಿನ ಎರಡೂ ಓಡುತ್ತಿವೆ. ದಿನಕ್ಕೊಂದು ತಾಸು ಹಿಂದಿನ ಬೆಂಚಿನಲ್ಲಿ ಕೂತವರಿಗೆ ಇದು ಹೇಳಿಕೊಡದೆ ತಿಳಿಯುತ್ತದೆ. ಕೋಷ್ಟಕ ನೋಡಿದವರಿಗೆ ತಿಳಿಯುವುದಿಲ್ಲ.

ಒಂದು ಪಂಚನಾಮೆಯನ್ನೇ ತೆಗೆದುಕೊಳ್ಳಿ. ಜಪ್ತಿಗೆ ಪಂಚನಾಗಿ ಸಹಿ ಮಾಡಿದವನು ಕಟಕಟೆಯಲ್ಲಿ ನಿಂತಿದ್ದಾನೆ. ಬಿಳಿ ಟೋಪಿ, ಹೆಗಲ ಮೇಲೆ ಟವೆಲ್ಲು, ಎರಡೂ ಕೈ ಕಟಕಟೆಯ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿದಿವೆ. ಸರ್ಕಾರಿ ಅಭಿಯೋಜಕರು ಕಾಗದ ತೋರಿಸಿ ಸಹಿ ಯಾರದು ಎಂದು ಕೇಳುತ್ತಾರೆ. ‘ಸಹಿ ನಂದ ಐತ್ರಿ. ಸ್ಟೇಷನ್ನಿಗೆ ಕರದು ಮಾಡಿಸ್ಕೊಂಡ್ರಿ. ಅದರಾಗ ಏನ್ ಬರದಾರ ನಂಗ ಗೊತ್ತಿಲ್ರಿ.’ ಅಷ್ಟೇ. ಎರಡು ವರ್ಷದ ತನಿಖೆಯ ಒಂದು ಕಂಬ ಆ ಮಾತಿಗೆ ಅಲುಗುತ್ತದೆ. ಅಭಿಯೋಜಕರು ಸಾಕ್ಷಿ ಪ್ರತಿಕೂಲನಾದನೆಂದು ಹೇಳಿ ಪಾಟೀಸವಾಲಿಗೆ ಅನುಮತಿ ಕೇಳುತ್ತಾರೆ. ಆರೋಪಿಯ ಪರ ವಕೀಲರು ಕೂತಲ್ಲಿಂದ ಏಳುವುದೂ ಇಲ್ಲ. ಪಂಚ ಊರಿನ ಭಯಕ್ಕೆ ಹಾಗೆ ಹೇಳಿದನೋ, ನಿಜಕ್ಕೂ ಪೊಲೀಸರು ಖಾಲಿ ಹಾಳೆಯ ಮೇಲೆ ಸಹಿ ತೆಗೆದುಕೊಂಡಿದ್ದರೋ? ಎರಡೂ ಆಗುತ್ತವೆ, ಎರಡನ್ನೂ ಬೇರ್ಪಡಿಸುವುದೇ ವಿಚಾರಣೆಯ ಕೆಲಸ.

ಇದನ್ನು ಕಣ್ಣಾರೆ ನೋಡಿದ ವಿದ್ಯಾರ್ಥಿಗೆ ಸುರಕ್ಷಾ ಸಂಹಿತೆಯ 105ನೇ ಕಲಂ ಏಕೆ ಬಂತು ಎಂದು ವಿವರಿಸಬೇಕಿಲ್ಲ. ಶೋಧ, ಜಪ್ತಿ, ಜಪ್ತಿ ಪಟ್ಟಿ, ಪಂಚರ ಸಹಿ ಎಲ್ಲವನ್ನೂ ಮೊಬೈಲಿನಂಥ ಉಪಕರಣದಲ್ಲಿ ದೃಶ್ಯ-ಧ್ವನಿಯ ಸಮೇತ ದಾಖಲಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂದು ಅದು ಹೇಳುತ್ತದೆ. ಆ ವಿಡಿಯೊ ಕೋರ್ಟಿಗೆ ಬರುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಹಾಜರುಪಡಿಸುವವರದು ಒಂದು ಭಾಗ, ತಜ್ಞರದು ಇನ್ನೊಂದು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವ ವ್ಯವಸ್ಥೆಯನ್ನು 176ನೇ ಕಲಂ ತಂದಿದೆ. ಮುಂದಿನ ಹತ್ತು ವರ್ಷ ನಮ್ಮ ಕೋರ್ಟುಗಳಲ್ಲಿ ಗುದ್ದಾಟ ನಡೆಯುವುದು ಇಂಥವುಗಳ ಮೇಲೆಯೇ. ಇದನ್ನು ಕಲಿಸಬೇಕಾದವರು ಪಂಚನಾಮೆಯ ಕಾಗದವನ್ನೇ ಕೈಯಲ್ಲಿ ಹಿಡಿದಿಲ್ಲ ಎಂದರೆ ಅದು ಸಣ್ಣ ಕೊರತೆಯಲ್ಲ. ತರಗತಿಯಿಂದ ಹೊರಬಿದ್ದವನು ನಾಳೆ ಯಾರದೋ ಮಗನ ಜಾಮೀನು ಅರ್ಜಿ ಬರೆಯುತ್ತಾನೆ.

ಯಾರ ಮಗ, ಯಾರ ಹೊಲ ಎಂದು ನೋಡಲು ದೂರ ಹೋಗಬೇಕಿಲ್ಲ. ತಿಕೋಟಾ ವಿಜಯಪುರ ನಗರದ ಪಶ್ಚಿಮಕ್ಕೆ, ಬಬಲೇಶ್ವರ ನೈರುತ್ಯಕ್ಕೆ, ಎರಡೂ ಬಸ್ಸಿನಲ್ಲಿ ತಾಸೊಪ್ಪತ್ತಿನ ದಾರಿ. 2018ರ ಸುಮಾರಿಗೆ ಹೊಸ ತಾಲ್ಲೂಕುಗಳಾದ ಊರುಗಳಿವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಆದರೂ ಕಾನೂನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವುದು ವರ್ಷಕ್ಕೊಮ್ಮೆ, ಕಾನೂನು ಅರಿವು ಶಿಬಿರದ ಹೆಸರಿನಲ್ಲಿ. ಬ್ಯಾನರ್ ಕಟ್ಟುತ್ತೀರಿ, ಅತಿಥಿಗಳಿಗೆ ಹಾರ ಹಾಕುತ್ತೀರಿ, ಮೂರು ಭಾಷಣ, ಒಂದು ಗುಂಪು ಫೋಟೊ. ಹಿಂದಿನ ಸಾಲಿನಲ್ಲಿ ಸೆರಗಿನ ತುದಿಯಲ್ಲಿ ಪಹಣಿ ಮಡಚಿ ಇಟ್ಟುಕೊಂಡು ಕೂತ ಹೆಣ್ಣುಮಗಳು ಯಾರನ್ನು ಕೇಳಬೇಕೆಂದು ತಿಳಿಯದೆ ಎದ್ದು ಹೋಗುತ್ತಾಳೆ. ನಿಮ್ಮ ಬಸ್ಸು ಹೊರಟಿರುತ್ತದೆ.

ತಿಕೋಟಾ ದ್ರಾಕ್ಷಿಯ ಸೀಮೆ. ಒಣದ್ರಾಕ್ಷಿ ವಿಜಯಪುರದ ಮಾರುಕಟ್ಟೆಗೂ ಹೋಗುತ್ತದೆ, ಗಡಿ ದಾಟಿ ತಾಸಗಾಂವ, ಸಾಂಗಲಿಗೂ ಹೋಗುತ್ತದೆ. ಮಾಲು ಒಯ್ದವರು ಕೊಟ್ಟ ಚೆಕ್ಕು ಬ್ಯಾಂಕಿನಿಂದ ವಾಪಸಾದರೆ ರೈತ ಮೊದಲು ವ್ಯಾಪಾರಿಯ ಮನೆಗೆ ಎಡತಾಕುತ್ತಾನೆ, ‘ಮುಂದಿನ ಅಮಾಸಿಗೆ ಕೊಡ್ತೀನಿ’ ಎಂಬ ಮಾತು ನಂಬಿ ಕೂರುತ್ತಾನೆ. ಚೆಕ್ಕು ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ ಮೇಲೆ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ದೂರು ಹಾಕಬೇಕು. ಚೆಕ್ ವಾಪಸಾತಿಯ ಈ 138ನೇ ಕಲಂ ಬಗ್ಗೆ ನೀವು ಹತ್ತು ಅಂಕದ ಉತ್ತರ ಬರೆಸುತ್ತೀರಿ. ನಿಮ್ಮ ವಿದ್ಯಾರ್ಥಿಗಳಲ್ಲಿ ತಿಕೋಟಾ ಕಡೆಯ ರೈತರ ಮಕ್ಕಳು ಇರುವುದಿಲ್ಲವೇ? ಅವರ ಕೈಯಲ್ಲಿ ಆ ಮೂರು ಗಡುವುಗಳನ್ನು ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆಸಿ ಮಾರುಕಟ್ಟೆಯಲ್ಲಿ, ಸೊಸೈಟಿಯ ಗೋಡೆಗೆ ಅಂಟಿಸಿ ಬರಲು ಕಳಿಸಿದ್ದೀರಾ? ಅದು ಇಂಟರ್ನ್‌ಶಿಪ್. ಅದಕ್ಕೆ ಸಹಿ ಹಾಕಿ.

2024ರ ಅಕ್ಟೋಬರಿನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡ ಇಡೀ ರಾಜ್ಯದ ಸುದ್ದಿಯಾಯಿತು. ಸುಮಾರು 1,200 ಎಕರೆ ವಕ್ಫ್ ಆಸ್ತಿಯಾಗುತ್ತದೆ ಎಂಬ ಆತಂಕ ಊರಲ್ಲಿ ಹಬ್ಬಿತ್ತು. ಅಲ್ಲಿನ ವಕ್ಫ್ ಆಸ್ತಿ 11 ಎಕರೆ ಮಾತ್ರ, ಗೆಜೆಟ್ಟಿನಲ್ಲಿ ಮಹಲ್ ಬಾಗಾಯತ ಎಂಬ ಬೇರೆ ಜಾಗದ ಜಮೀನಿನ ಮುಂದೆ ಹೊನವಾಡದ ಹೆಸರು ತಪ್ಪಾಗಿ ಸೇರಿದ್ದರಿಂದ ಗೊಂದಲವಾಯಿತು ಎಂದು ಸರ್ಕಾರದ ಕಡೆಯಿಂದ ವಿವರಣೆ ಬಂತು. ರಾಜಕೀಯದವರು ತಮಗೆ ಬೇಕಾದ ಹಾಗೆ ಮಾತಾಡಿದರು, ಅದು ಅವರ ಕೆಲಸ. ಕಾನೂನು ಕಲಿಸುವವರ ಕೆಲಸ ಬೇರೆಯಿತ್ತು. ಪಹಣಿಯ 9ನೇ ಕಾಲಮಿನಲ್ಲಿ ಮಾಲೀಕನ ಹೆಸರು, 11ರಲ್ಲಿ ಇತರ ಹಕ್ಕು, ಋಣಗಳು. ಒಂದು ನಮೂದು ಹೇಗೆ ಸೇರುತ್ತದೆ, ಯಾರ ಆದೇಶದ ಮೇಲೆ, ಯಾರಿಗೆ ನೋಟಿಸ್ ಕೊಟ್ಟು, ಅದನ್ನು ತೆಗೆಸುವ ಮೇಲ್ಮನವಿ ಎಲ್ಲಿ, ಎಷ್ಟು ದಿನದೊಳಗೆ? ಇಷ್ಟು ದೊಡ್ಡ ಪಾಠ ಮನೆ ಬಾಗಿಲಿಗೆ ಬಂದಾಗ ವಿದ್ಯಾರ್ಥಿಗಳನ್ನು ಕರೆದುಕೊಂಡು ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಗೆ ಹೋಗಬೇಕಿತ್ತು. ಹಳೆಯ ಗೆಜೆಟ್ಟು, ಕೈಬರಹದ ಪಹಣಿ, ಮ್ಯುಟೇಶನ್ ವಹಿ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿಸಬೇಕಿತ್ತು. ನಿಮ್ಮಲ್ಲಿ ಎಷ್ಟು ಮಂದಿ ಟಿವಿ ನೋಡಿ ಒಂದು ಪಕ್ಷ ಹಿಡಿದು ತರಗತಿಯಲ್ಲಿ ವಾದಿಸಿ ಸುಮ್ಮನಾದಿರಿ?

ಬಬಲೇಶ್ವರದ ಕಡೆಯಿಂದ ಜೀವನಾಂಶಕ್ಕೋ ಗಂಡನ ಹೊಡೆತದ ದೂರಿಗೋ ವಿಜಯಪುರದ ಕೋರ್ಟಿಗೆ ಬರುವ ಹೆಣ್ಣುಮಗಳು ಕಿವಿಯ ಬೆಂಡೋಲೆ ಅಡ ಇಟ್ಟು ಫೀಸು ತಂದಿರುತ್ತಾಳೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಗಳು ಎಂಬ ಒಂದೇ ಕಾರಣಕ್ಕೆ, ಆದಾಯ ಎಷ್ಟೇ ಇರಲಿ, ಅವಳಿಗೆ ಉಚಿತ ವಕೀಲರು ಸಿಗಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೂ ಕಸ್ಟಡಿಯಲ್ಲಿ ಇರುವವರಿಗೂ ಹಾಗೆಯೇ. ಅದೇ ಕಾಯ್ದೆ ಕಾನೂನು ಕಾಲೇಜುಗಳಲ್ಲಿ ನೆರವು ಕೇಂದ್ರಗಳು ನಡೆಯಬೇಕು ಎನ್ನುತ್ತದೆ. ಫಲಕ ಎಲ್ಲ ಕಡೆ ಇದೆ. ಫಲಕದ ಹಿಂದಿನ ಕೋಣೆಯಲ್ಲಿ ಹಳೆಯ ಬೆಂಚು, ಕ್ರೀಡಾ ಸಾಮಗ್ರಿ ತುಂಬಿಡುವ ಕಾಲೇಜುಗಳು ಈ ರಾಜ್ಯದಲ್ಲಿ ಕಡಿಮೆಯಿಲ್ಲ. ಅಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ಅರೆಕಾಲಿಕ ಉಪನ್ಯಾಸಕ, ನಾಲ್ಕು ವಿದ್ಯಾರ್ಥಿಗಳು ಕೂತರೂ ಸಾಕಿತ್ತು.

ಸಂಬಳದ ಮಾತು ನನಗೆ ಗೊತ್ತಿಲ್ಲದ್ದಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತಿಂಗಳಿಗೆ 11,000, 13,000 ರೂಪಾಯಿಗೆ ವರ್ಷಗಟ್ಟಲೆ ದುಡಿದರು. ಬೀದಿಗಿಳಿದು ಹೋರಾಡಿದ ಮೇಲೆ 2022ರ ಜನವರಿಯಲ್ಲಿ ಅದು 26,000ದಿಂದ 32,000ದವರೆಗೆ ಏರಿತು. ಏರಿದ ಜೊತೆಗೇ ವಾರದ ಕಾರ್ಯಭಾರವೂ 15 ತಾಸಿಗೆ ಏರಿ, ಸಾವಿರಾರು ಮಂದಿಯ ಕೆಲಸ ಹೋಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಹೇಳಿತ್ತು. ಖಾಸಗಿ ಕಾನೂನು ಕಾಲೇಜಿನಲ್ಲಿ ತಾಸಿನ ಲೆಕ್ಕಕ್ಕೆ ಪಾಠ ಮಾಡುವ ನಿಮಗೆ ಅದರ ಅರ್ಧವೂ ಕೈಗೆ ಬರುವುದಿಲ್ಲ ಎಂದರೆ ನಂಬುತ್ತೇನೆ. ರಜೆಯ ಎರಡು ತಿಂಗಳು ಏನೂ ಇಲ್ಲ, ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಇದು ಅನ್ಯಾಯ. ನ್ಯಾಯ ಕಲಿಸುವವರಿಗೇ ಮಾಡುವ ಅನ್ಯಾಯ. ಆಡಳಿತ ಮಂಡಳಿಗಳು ಕಟ್ಟಡಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಪಾಠ ಹೇಳುವವರಿಗೆ ಕೊಟ್ಟಿದ್ದರೆ ಈ ದುರವಸ್ಥೆಯ ಅರ್ಧ ಕರಗುತ್ತಿತ್ತು. ಆದರೆ ಕಡಿಮೆ ಸಂಬಳ ನಿಮ್ಮನ್ನು ಸುಳ್ಳು ಡೈರಿಗೆ ಸಹಿ ಹಾಕಿಸುವುದಿಲ್ಲ. ಸಹಿ ಹಾಕದೆ ವಾಪಸ್ ಕೊಡಲು ಖರ್ಚೇನೂ ಇಲ್ಲ. ಹಾಕುವುದು ಪ್ರಿನ್ಸಿಪಾಲರ ಮುನಿಸು ಬೇಡ, ಹುಡುಗರ ಬೇಸರ ಬೇಡ ಎಂಬ ಕಾರಣಕ್ಕೆ, ತಾವೂ ಹಾಗೆಯೇ ದಾಟಿ ಬಂದ ಸಲುಗೆಗೆ. ಅದಕ್ಕೆ ಬಡತನದ ಹೆಸರು ಕೊಡಬೇಡಿ.

ಪ್ರಾಂಶುಪಾಲರಿಗೂ ಒಂದು ಪ್ರಶ್ನೆ. ಡೈರಿಯನ್ನು ಮುಖ್ಯ ಅಧ್ಯಾಪಕ ವರ್ಗದವರು ಪರಿಶೀಲಿಸಬೇಕು ಎಂದು ನಿಯಮ ಹೇಳಿರುವಾಗ ಅದನ್ನು ಜೂನ್‌ಗೆ ಬಂದು ಮಾರ್ಚ್‌ಗೆ ಹೋಗುವ ಅರೆಕಾಲಿಕರ ತಲೆಗೆ ಕಟ್ಟಿದವರು ಯಾರು? ಪರಿಶೀಲಿಸುವುದು ಈಗ ಕಷ್ಟವೂ ಅಲ್ಲ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಯಾವ ದಿನ ಪ್ರಕರಣ ಕರೆಯಲಾಯಿತು, ಯಾವ ಹಂತಕ್ಕೆ ಮುಂದೂಡಲಾಯಿತು ಎಂದು ಕಾಣುತ್ತದೆ. ಡೈರಿಯ ಪ್ರತಿ ಪುಟಕ್ಕೂ ಆ ಸಂಖ್ಯೆ ಕಡ್ಡಾಯ ಮಾಡಿದರೆ ಮೇ ತಿಂಗಳ ಪಾಟೀಸವಾಲುಗಳು ಒಂದೇ ವರ್ಷದಲ್ಲಿ ನಿಲ್ಲುತ್ತವೆ. ಇಷ್ಟು ಸಣ್ಣ ಕೆಲಸ ಇದುವರೆಗೆ ಆಗಿಲ್ಲ ಎಂದರೆ ಆಗುವುದು ನಿಮಗೆ ಬೇಕಿಲ್ಲ ಎಂದೇ ತಿಳಿಯಬೇಕು.

ಹಿರಿಯ ವಕೀಲರಂತೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಕನಿಷ್ಠ ಹತ್ತು ವರ್ಷದ ಅನುಭವವಿರುವ, ಕಲಿಸಲು ಮನಸ್ಸಿರುವ ವಕೀಲರ ಜಿಲ್ಲಾವಾರು ಪಟ್ಟಿ ಇರಬೇಕು ಎಂದು ಪರಿಷತ್ತಿನ ನಿಯಮವೇ ಹೇಳುತ್ತದೆ. ನೀವು ಇಂಟರ್ನ್ ಆಗಿ ಬಂದ ಹುಡುಗಿಗೆ ಕೊಡುವ ಕೆಲಸವೇನು? ಝೆರಾಕ್ಸ್, ಸ್ಟ್ಯಾಂಪು, ಫೈಲು ಹೊರುವುದು. ಕಕ್ಷಿದಾರ ಒಳಗೆ ಬಂದರೆ ‘ನೀ ಹೊರಗ ಕೂಡವಾ’ ಎನ್ನುತ್ತೀರಿ. ಅವಳು ಕಲಿಯಬೇಕಾದ ಕ್ಷಣ ಅದೇ. ಅಳುತ್ತ ಮಾತಾಡುವ ಮನುಷ್ಯನಿಂದ ದಿನಾಂಕ, ಹೆಸರು, ಜಾಗ ಹೇಗೆ ಹೊರತೆಗೆಯುವುದು, ಅವನು ಮುಚ್ಚಿಟ್ಟದ್ದನ್ನು ಹೇಗೆ ಅರಿಯುವುದು ಎಂಬುದು ಯಾವ ಪುಸ್ತಕದಲ್ಲಿದೆ? ಸಹಿ ಕೇಳಲು ಬಂದಾಗ ಮಾತ್ರ ಧಾರಾಳಿಯಾಗುವ ಹಿರಿಯರು ಕಿರಿಯರಿಗೆ ಮಾಡುವುದು ಉಪಕಾರವಲ್ಲ.

ಜೆರೋಮ್ ಫ್ರಾಂಕ್ ಎಂಬ ಅಮೆರಿಕದ ನ್ಯಾಯವಾದಿ 1933ರಲ್ಲೇ ಕೇಳಿದ್ದರು, ವೈದ್ಯರು ರೋಗಿಯ ಹಾಸಿಗೆಯ ಪಕ್ಕ ಕಲಿಯುವಾಗ ವಕೀಲರು ಮಾತ್ರ ಗ್ರಂಥಾಲಯದಲ್ಲಿ ಏಕೆ ಕಲಿಯಬೇಕು ಎಂದು. ನಮ್ಮಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಸಮಿತಿ 1973ರಲ್ಲಿ ಕಾನೂನು ನೆರವಿನ ಕೆಲಸಕ್ಕೆ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಎಳೆದು ತರಬೇಕೆಂದು ಹೇಳಿತು. ಅಧ್ಯಾಪಕರು ಎಚ್ಚರವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಯಾವಾಗಲೂ ನೆನಪಾಗುವುದು 1979. ಮಹಾರಾಷ್ಟ್ರದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸ್ ಠಾಣೆಯಲ್ಲೇ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಬಿಡುಗಡೆ ಮಾಡಿತ್ತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ತೀರ್ಪಿನ ಒಂದೊಂದು ವಾಕ್ಯವನ್ನೂ ಸಾಕ್ಷ್ಯದೊಂದಿಗೆ ತೂಗಿ ನೋಡಿ ಬರೆದ ಪತ್ರ ಅದು. ದೇಶದ ಹೆಣ್ಣುಮಕ್ಕಳು ಬೀದಿಗೆ ಬಂದರು, 1983ರಲ್ಲಿ ಕಾನೂನು ಬದಲಾಯಿತು. ಆ ನಾಲ್ವರೂ ದಾಖಲೆಯನ್ನು ನೆಟ್ಟಗೆ ಓದಿದ್ದರು. ಪಠ್ಯಕ್ರಮದಲ್ಲಿ ಇಲ್ಲದ ಕೆಲಸವನ್ನು ತಮ್ಮದೆಂದುಕೊಂಡಿದ್ದರು.

ವಿಜಯಪುರಕ್ಕಂತೂ ಹೊರಗಿನ ಉದಾಹರಣೆ ಬೇಕೇ ಇಲ್ಲ. ಫ.ಗು. ಹಳಕಟ್ಟಿಯವರು 1904ರಲ್ಲಿ ಈ ಊರಿಗೆ ವಕೀಲಿ ಮಾಡಲು ಬಂದರು. ವಕೀಲಿಯ ಜೊತೆಗೇ ಹಳ್ಳಿ ಹಳ್ಳಿ ಸುತ್ತಿ ಮಠ, ಮನೆಗಳ ಅಟ್ಟದಲ್ಲಿದ್ದ ತಾಡೋಲೆಗಳನ್ನು ಹುಡುಕಿ ತಂದರು, ಪಾಠಾಂತರ ಹೋಲಿಸಿದರು, ಅಚ್ಚು ಹಾಕಿಸಿದರು. 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಅವರನ್ನು ವಚನ ಪಿತಾಮಹ ಎಂದು ಕರೆದು ಜುಲೈ 2ರಂದು ಫೋಟೊಕ್ಕೆ ಹೂ ಹಾಕುತ್ತೇವೆ. ಅವರು ವಕೀಲರಾಗಿದ್ದರು ಎಂಬುದನ್ನು ನೆನೆಯುವವರು ಕಡಿಮೆ. ಕೈಗೆ ಬಂದ ಪ್ರತಿಯನ್ನು ಮೂಲದೊಂದಿಗೆ ಹೋಲಿಸದೆ ನಂಬದ ಆ ಗುಣ ಕೋರ್ಟಿನಲ್ಲಿ ಬೆಳೆದ ಗುಣವೇ ಎಂದು ನನ್ನ ನಂಬಿಕೆ. ಹಿಂದಿನ ವರ್ಷದ ಡೈರಿಯನ್ನು ಎತ್ತಿ ಬರೆಯುವವರೂ ಬರೆಸುವವರೂ ಓಡಾಡುವುದು ಅದೇ ಹಳಕಟ್ಟಿಯವರ ಊರಿನಲ್ಲಿ.

2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಮೂರು ವರ್ಷದ ವಕೀಲಿ ಬೇಕು ಎಂಬ ಷರತ್ತನ್ನು ಮತ್ತೆ ತಂದಿತು. ಕೋರ್ಟಿನ ಒಳಗನ್ನು ಕಾಣದೆ ಪೀಠದ ಮೇಲೆ ಕೂರಬಾರದು ಎಂಬುದು ಅದರ ಹಿಂದಿನ ವಿಚಾರ. ಆ ನ್ಯಾಯಾಧೀಶರಿಗೂ ವಕೀಲರಿಗೂ ಪಾಠ ಹೇಳುವವರಿಗೆ ಅಂಥ ಷರತ್ತನ್ನು ಯಾರಾದರೂ ಹಾಕುವವರೆಗೆ ಕಾಯಬೇಕೇ? ಕಾನೂನು ಪಾಠಕ್ಕೆ ಕಾಲಿಡುವ ಮೊದಲು ಒಂದು ಸಿವಿಲ್ ದಾವೆಯನ್ನು ವಾದಪತ್ರದಿಂದ ತೀರ್ಪಿನವರೆಗೆ, ಒಂದು ಕ್ರಿಮಿನಲ್ ಪ್ರಕರಣವನ್ನು ಎಫ್‌ಐಆರ್‌ನಿಂದ ತೀರ್ಪಿನವರೆಗೆ ಬೆನ್ನು ಹತ್ತಿ ನೋಡುತ್ತೇನೆ ಎಂದು ನೀವೇ ಹಾಕಿಕೊಳ್ಳಿ. ವಿದ್ಯಾರ್ಥಿಗಳಿಗಿಂತ ಮೊದಲು ನಿಮ್ಮದೇ ಡೈರಿ ಇರಲಿ, ಅದನ್ನು ತರಗತಿಯ ಮೇಜಿನ ಮೇಲೆ ಇಡಿ.

ಕೆಲಸ ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ದರ್ಗಾ ಕಡೆಯ ಕೇಂದ್ರ ಕಾರಾಗೃಹವಿದೆ. ದೇಶದ ಜೈಲುಗಳಲ್ಲಿ ಇರುವವರಲ್ಲಿ 2022ರ ಕೊನೆಗೆ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳು, ಇನ್ನೂ ಅಪರಾಧಿ ಎಂದು ತೀರ್ಪಾಗದವರು. ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಅವಧಿ ಜೈಲಿನಲ್ಲಿ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಯಾಗಬೇಕು, ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಇಲ್ಲ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಅರ್ಜಿ ಬರೆಯುವುದು ಜೈಲು ಅಧೀಕ್ಷಕರ ಹೊಣೆ. 2024ರ ಜುಲೈಗೆ ಮೊದಲಿನ ಪ್ರಕರಣಗಳಿಗೂ ಇದು ಅನ್ವಯ ಎಂದು ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ, ಮೊದಲ ಸಲದವನಿಗೆ ಒಂದು ವರ್ಷ ತುಂಬಿದರೆ ಸಾಕು. ಬಂಧನದ ದಿನ, ಕಲಂ, ಹಿಂದಿನ ಶಿಕ್ಷೆ, ಬೇರೆ ಪ್ರಕರಣ ಎಂಬ ನಾಲ್ಕು ವಿವರ ಇದ್ದರೆ ಎರಡನೇ ವರ್ಷದ ವಿದ್ಯಾರ್ಥಿಯೂ ಈ ಲೆಕ್ಕ ಹಾಕಬಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಪತ್ರ ಬರೆಯಿರಿ, ಅನುಮತಿ ತೆಗೆದುಕೊಳ್ಳಿ, ಆರು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಹೆಸರು ಹೆಸರಾಗಿ ಪಟ್ಟಿ ಮಾಡಿಸಿ ಪ್ರಾಧಿಕಾರದ ಕಾರ್ಯದರ್ಶಿಯವರ ಕೈಗೆ ಕೊಡಿ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಮಾಡಿ.